ಮುಟ್ಟದೆ ಬಿಟ್ಟ ತುಂಡು

ತಪಾಸಣೆಯ ಸಮಿತಿ ಬರುವುದಕ್ಕೆ ಇನ್ನು ನಾಲ್ಕೇ ದಿನ ಇದೆ ಅನ್ನುವಾಗ ಲೇತ್ ಮೇಷ್ಟ್ರು ಮೊಣಕೈವರೆಗೆ ಹಸಿರು ಬಣ್ಣ ಮೆತ್ತಿಕೊಂಡು ಮನೆಗೆ ಬಂದರು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದ ಅವರ ತಾಯಿ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಏನೋ ಇದು? ಗಿಳಿ ಹಿಡಿಯೋಕೆ ಹೋಗಿದ್ಯಾ?"

"ಏಳನೇ ನಂಬರ್ ಲೇತಿಗೆ ಬಣ್ಣ ಹೊಡೆದೆ ಕಣಮ್ಮ. ಬರೋರ ಕಣ್ಣಿಗೆ ಚೆನ್ನಾಗಿ ಕಾಣಬೇಕಂತೆ."

"ಓಡುತ್ತಾ ಅದು?"

"ಓಡುತ್ತೆ. ಹ್ಯಾಂಡಲ್ಲು ಅರ್ಧ ಸುತ್ತು ಸುಮ್ಮನೆ ತಿರುಗುತ್ತೆ, ಆಮೇಲೆ ಹಿಡಿಯುತ್ತೆ. ಅಷ್ಟೇ."

"ಸರಿ, ನಿನ್ನ ಹಾಗೇ," ಎಂದು ತಾಯಿ ಮತ್ತೆ ಬಟಾಣಿಗೆ ಕೈಹಾಕಿದರು.

ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ವರ್ಕ್‌ಶಾಪಿನಲ್ಲಿ ಮೇಷ್ಟ್ರಿಗೆ ಹದಿನೆಂಟು ವರ್ಷದ ಸರ್ವೀಸು. ಅಲ್ಲಿ ಕಬ್ಬಿಣ ಕಡೆಯುವ ಹನ್ನೊಂದು ಲೇತುಗಳಿದ್ದವು, ಓಡುತ್ತಿದ್ದದ್ದು ನಾಲ್ಕು. ಆ ನಾಲ್ಕರ ಮೇಲೆ ವರ್ಷಕ್ಕೆ ಅರವತ್ತು ಮಕ್ಕಳು ಕೈ ಪಳಗಿಸಿಕೊಳ್ಳಬೇಕು. ಕೆಲವು ವರ್ಷಕ್ಕೊಮ್ಮೆ ಹೊರಗಿನಿಂದ ಸಮಿತಿ ಬಂದು, ಇಲ್ಲಿ ಕೊಡುವ ಡಿಗ್ರಿಗೆ ಬೆಲೆ ಇದೆಯೋ ಇಲ್ಲವೋ ಎಂದು ಮೂರು ದಿನ ಕೂತು ತೂಗಿ ನೋಡಿ ಹೋಗುತ್ತಿತ್ತು. ಈ ಸಲದ ತೂಕದಲ್ಲಿ ಮೇಷ್ಟ್ರ ಮಗಳೂ ಇದ್ದಳು. ಅವಳು ಅದೇ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು.

ಬೇಕರಿಯಲ್ಲಿ ಕೆಲಸ ಮಾಡುವ ಹೆಂಡತಿ ಸಂಜೆ ಉಳಿದ ಬ್ರೆಡ್ ತಂದಿದ್ದಳು. ಮಗಳು ಅದನ್ನು ಕೊಯ್ಯುತ್ತಿದ್ದಳು. ಅವಳು ಕೊಯ್ದರೆ ಹದಿನಾರು ತುಂಡೂ ಒಂದೇ ದಪ್ಪ. ಅದಕ್ಕೇ ಅಜ್ಜಿ ಅವಳನ್ನು ಅಳತೆಗೋಲು ಎಂದು ಕರೆಯುತ್ತಿದ್ದರು.

"ಅಳತೆಗೋಲೇ, ನಂಗೆ ಸ್ವಲ್ಪ ದಪ್ಪ ಕೊಯ್ಯೇ. ಹಲ್ಲಿಲ್ಲ ಅಂದ್ರೆ ಹೊಟ್ಟೇನೂ ಇಲ್ಲ ಅಂತ ತಿಳ್ಕೊಂಡ್ಯಾ?"

"ಎರಡು ತಗೋ ಅಜ್ಜಿ, ಲೆಕ್ಕ ಸರಿಹೋಗುತ್ತೆ."

ಆ ದಿನ ಮಗಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕಬ್ಬಿಣದ ಅಚ್ಚು ಮಾಡುವ ಡೈ ಕಾರ್ಖಾನೆಯಿಂದ ಕಾಗದ ಬಂದಿತ್ತು. ಆ ಅಚ್ಚುಗಳನ್ನು ಕಡೆಯುವ ಟೂಲ್‌ರೂಮಿನಲ್ಲಿ ಮೂರು ಜಾಗ, ಅದರಲ್ಲಿ ಒಂದು ಅವಳಿಗೆ. ಆ ಟೂಲ್‌ರೂಮಿನಲ್ಲಿ ಇದುವರೆಗೆ ಒಬ್ಬ ಹೆಣ್ಣುಮಗಳೂ ಮೆಷಿನ್ ಮುಂದೆ ನಿಂತಿರಲಿಲ್ಲ. ಸಂದರ್ಶನಕ್ಕೆ ಹೋಗುವಾಗ ಅವಳು ಪರೀಕ್ಷೆಯಲ್ಲಿ ತಾನು ಕಡೆದಿದ್ದ ಶಾಫ್ಟನ್ನು ಕಾಲೇಜಿನಿಂದ ಕೇಳಿ ಪಡೆದು, ಕರವಸ್ತ್ರದಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದಳು. ಅಲ್ಲಿನ ಫೋರ್‌ಮನ್ ಅದನ್ನು ಅಂಗೈಯಲ್ಲಿ ಉರುಳಿಸಿ, ಅಳೆದು, ಇನ್ನೊಮ್ಮೆ ಅಳೆದು ನೋಡಿದ್ದ.

"ಅವರು ನನ್ನ ಮಾರ್ಕ್ಸ್ ಕಾರ್ಡ್ ತೆಗೆದೂ ನೋಡ್ಲಿಲ್ಲ ಅಪ್ಪ. ಈ ಕೈ ನಮಗೆ ಬೇಕು ಅಂದ್ರು. ಹಾಗೇ ಅಂದ್ರು, ಈ ಕೈ ಅಂತ."

"ಬರ್ತೀನಿ ಅಂತ ಬರೆದು ಹಾಕು ಮತ್ತೆ. ಯಾಕೆ ತಡ?"

"ಮುಂದಿನ ತಿಂಗಳ ಕೊನೆವರೆಗೂ ಟೈಮಿದೆ. ಈ ಸಮಿತಿ ಗಲಾಟೆ ಮುಗೀಲಿ."

ಮೇಷ್ಟ್ರು ಬ್ರೆಡ್ಡನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಮಗಳಿಗೆ ಹೇಳಬೇಕಾದ ಒಂದು ಮಾತು ಅವರಲ್ಲಿತ್ತು. ಆದರೆ ಅದೊಂದನ್ನು ಹೇಳಿದರೆ ಬಾಕಿ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

ಬಾಕಿ ಅಂದರೆ ಇಷ್ಟು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಕಬ್ಬಿಣದ ಸರಳನ್ನು ಕಡೆದು ಮೆಟ್ಟಿಲು ಮೆಟ್ಟಿಲಾದ ಶಾಫ್ಟ್ ಮಾಡಬೇಕು. ಕೊನೆಯ ಮೆಟ್ಟಿಲು ಸರಿಯಾಗಿ ಇಪ್ಪತ್ತು ಮಿಲಿಮೀಟರ್ ದಪ್ಪ ಇರಬೇಕು. ಎರಡು ಗಂಟೆಯ ಕೆಲಸ ಅದು. ಲೇತು ನಾಲ್ಕೇ ಆದದ್ದರಿಂದ ಒಬ್ಬೊಬ್ಬರಿಗೆ ಸಿಗುತ್ತಿದ್ದದ್ದು ಮುಕ್ಕಾಲು ಗಂಟೆ. ಮಕ್ಕಳು ಅರ್ಧಂಬರ್ಧ ಕಡೆದು, ಬೆವರು ಒರೆಸಿಕೊಂಡು, ರೋಲ್ ನಂಬರಿನ ಚೀಟಿ ಕಟ್ಟಿ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಪ್ರೊಫೆಸರರು ಅಳೆಯುತ್ತಿದ್ದದ್ದು ಮಾರನೆಯ ದಿನ. ನಡುವಿನ ಸಂಜೆ ಮೇಷ್ಟ್ರದು. ದಪ್ಪ ಉಳಿದದ್ದನ್ನು ಲೇತಿಗೆ ಸಿಕ್ಕಿಸಿ ಒಂದು ಸಲ ನಯವಾಗಿ ಕಡೆಯುತ್ತಿದ್ದರು. ತೀರಾ ಸಣ್ಣಗಾಗಿ ಹೋದದ್ದನ್ನು ಮೂಲೆಗೆಸೆದು ಹೊಸದನ್ನೇ ಮಾಡಿ, ಹಳೆಯ ಚೀಟಿಯನ್ನು ಅದಕ್ಕೆ ಕಟ್ಟುತ್ತಿದ್ದರು. ಕೊನೆಗೆ ಅಂಚಿನ ಚೂಪು ಯಾರ ಬೆರಳಿಗೂ ತಾಗದಿರಲಿ ಎಂದು ಅರದಿಂದ ಎರಡು ಸಲ ಸವರುತ್ತಿದ್ದರು. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮಾಡಬೇಡಿ ಎಂದೂ ಹೇಳಿರಲಿಲ್ಲ. ಮೆಷಿನ್ ಇಲ್ಲದ ತಪ್ಪಿಗೆ ಮಕ್ಕಳು ಯಾಕೆ ಫೇಲಾಗಬೇಕು ಎಂಬುದು ಮೇಷ್ಟ್ರ ನ್ಯಾಯ. ಆ ನ್ಯಾಯದಲ್ಲಿ ಹದಿನೆಂಟು ವರ್ಷ ಒಬ್ಬನೂ ಫೇಲಾಗಲಿಲ್ಲ.

ಈ ವರ್ಷದ ಆ ಸಂಜೆ ಮಗಳ ಚೀಟಿ ಇದ್ದ ಶಾಫ್ಟ್ ಕೈಗೆ ಬಂದಾಗ ಮೇಷ್ಟ್ರು ಮೈಕ್ರೋಮೀಟರ್ ಹಿಡಿದು ಅಳೆದರು. ಇಪ್ಪತ್ತು. ಕನ್ನಡಕ ಒರೆಸಿಕೊಂಡು ಅಳೆದರು. ಇಪ್ಪತ್ತೇ. ಅಂಚನ್ನು ಕೂಡ ಅವಳೇ ಸವರಿದ್ದಳು, ಚಿಕ್ಕಂದಿನಿಂದ ಅಪ್ಪನನ್ನು ನೋಡಿ ಕಲಿತ ಅದೇ ಎರಡು ಸಲ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಆ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟರು. ಆಮೇಲೆ ಅದನ್ನು ಎಲ್ಲಿತ್ತೋ ಅಲ್ಲೇ ಇಟ್ಟರು. ಹದಿನೆಂಟು ವರ್ಷದಲ್ಲಿ ಅವರು ಮುಟ್ಟದೆ ಬಿಟ್ಟದ್ದು ಅದೊಂದೇ.

ಸಮಿತಿಯಲ್ಲಿ ಮೂವರಿದ್ದರು. ಇಬ್ಬರು ಗಂಡಸರು ಆಫೀಸಿನಲ್ಲಿ ಕೂತು ಫೈಲು ತಿರುವಿದರು, ಬಿಸ್ಕತ್ತು ತಿಂದರು. ಮೂರನೆಯವರು ನರೆತ ಕೂದಲಿನ ಒಬ್ಬ ಹೆಂಗಸು, ಕಾರ್ಖಾನೆಗಳಲ್ಲೇ ಜೀವ ಸವೆಸಿದವರು. ಎರಡನೆಯ ದಿನ ಅವರು ನೇರ ವರ್ಕ್‌ಶಾಪಿಗೆ ಬಂದು, ಗಾಜಿನ ಬೀರುವಿನಲ್ಲಿ ಸಾಲಾಗಿಟ್ಟಿದ್ದ ಶಾಫ್ಟುಗಳನ್ನು ತೆಗೆಸಿ, ತಮ್ಮ ಚೀಲದಿಂದ ತಮ್ಮದೇ ಮೈಕ್ರೋಮೀಟರ್ ತೆಗೆದರು. ಮಗಳು ಸಂದರ್ಶನದಿಂದ ವಾಪಸ್ ತಂದಿಟ್ಟ ಶಾಫ್ಟೂ ಅದರಲ್ಲಿತ್ತು. ಹನ್ನೆರಡು ಅಳೆದರು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ವಿಭಾಗದ ಮುಖ್ಯಸ್ಥರು ಪಕ್ಕದಲ್ಲಿ ನಿಂತು ಮದುವೆಮನೆಯ ಯಜಮಾನರಂತೆ ನಗುತ್ತಿದ್ದರು.

"ತುಂಬ ಚೆನ್ನಾಗಿದೆ," ಎಂದರು ಆ ಹೆಂಗಸು. "ಆದ್ರೆ ಅರವತ್ತು ಮಕ್ಕಳ ಕೆಲಸ ಒಂದೇ ಥರ ಇರಲ್ಲ ಸಾರ್. ಒಬ್ಬನದು ಹೆಚ್ಚು, ಒಬ್ಬನದು ಕಮ್ಮಿ ಇರಬೇಕು. ಇದು ಒಬ್ಬರೇ ಮಾಡಿದ್ದು. ಯಾರು?"

ಮುಖ್ಯಸ್ಥರ ನಗು ಹಾಗೇ ಅಂಟಿಕೊಂಡು ನಿಂತಿತು. ಲೇತುಗಳ ಪಕ್ಕ ಕೊನೆಯ ವರ್ಷದ ಹತ್ತು ಹದಿನೈದು ಮಕ್ಕಳು ಬಿಳಿ ಕೋಟು ತೊಟ್ಟು ನಿಂತಿದ್ದರು. ಅವರಲ್ಲಿ ಮಗಳೂ ಇದ್ದಳು. ಮೇಷ್ಟ್ರಿಗೆ ಆ ಕ್ಷಣದಲ್ಲಿ ಕಂಡದ್ದು ಒಂದೇ, ಮಕ್ಕಳ ಮೇಲೆ ಮಾತು ಬರಬಾರದು ಎನ್ನುವುದು.

"ನಾನು ಮೇಡಂ. ಅವರದ್ದೇನೂ ತಪ್ಪಿಲ್ಲ. ಅವರಿಗೆ ಟೈಮ್ ಸಾಲಲ್ಲ, ನಾನೇ ಆಮೇಲೆ ಸರಿ ಮಾಡ್ತೀನಿ."

"ಎಷ್ಟು ಸರಿ ಮಾಡ್ತೀರಿ?"

"ಎಲ್ಲಾ ಮೇಡಂ."

"ಎಲ್ಲಾನೂ?"

"ಹೂಂ. ಎಲ್ಲಾ."

ಮಾತು ಬಾಯಿಂದ ಜಾರಿದ ಮೇಲೆ ಅವರು ಮಗಳ ಕಡೆ ನೋಡಿದರು. ಅವಳು ತನ್ನ ಎರಡು ಕೈಗಳನ್ನೂ ನೋಡಿಕೊಳ್ಳುತ್ತಿದ್ದಳು.

ಮುಖ್ಯಸ್ಥರು ಮಾನ ಉಳಿಸಿಕೊಳ್ಳಲು ಮುಂದೆ ಬಿದ್ದರು. "ಹಾಗೇನಿಲ್ಲ ಮೇಡಂ, ನಮ್ಮ ಮಕ್ಕಳಿಗೆ ಬರುತ್ತೆ. ಈಗಲೇ ಮಾಡಿ ತೋರಿಸ್ತಾರೆ. ಏಯ್, ನೀನು ಬಾಮ್ಮ. ಈ ಹೊಸ ಲೇತಿಗೇ ಬಾ." ಅವರು ಬೆರಳು ಮಾಡಿದ್ದು ಮೇಷ್ಟ್ರ ಮಗಳ ಕಡೆಗೆ. ಹೊಸ ಲೇತು ಅಂದರೆ ಹಸಿರು ಬಣ್ಣ ಬಳಿದ ಏಳನೇ ನಂಬರು. ಅದರ ಹ್ಯಾಂಡಲ್ ಅರ್ಧ ಸುತ್ತು ಸುಮ್ಮನೆ ತಿರುಗಿ ಆಮೇಲೆ ಹಿಡಿಯುತ್ತದೆ ಎಂಬುದು ಮಗಳಿಗೆ ಗೊತ್ತಿರಲಿಲ್ಲ. ಅವಳು ಕಲಿತದ್ದೆಲ್ಲ ಮೂರನೇ ನಂಬರಿನ ಮೇಲೆ. ಮೇಷ್ಟ್ರಿಗೆ ಗೊತ್ತಿತ್ತು. ಬಾಯಿ ತೆರೆಯಬೇಕಿತ್ತು. ಆದರೆ ಈಗ ತಾನೇ ಎಲ್ಲ ನಾನೇ ಮಾಡುತ್ತೇನೆ ಎಂದವನು, ಇವಳಿಗೂ ಹೇಳಿಕೊಡುತ್ತಿದ್ದಾನೆ ಎಂದುಕೊಂಡಾರು ಎಂದು ಹೆದರಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಮಗಳು ಹ್ಯಾಂಡಲ್ ತಿರುಗಿಸಿದಾಗ ಕಡೆಯುವ ಟೂಲು ಒಮ್ಮೆಗೇ ಆಳಕ್ಕೆ ಹೊಕ್ಕಿತು. ಆ ಹೆಂಗಸು ಅಳೆದು, "ಹತ್ತೊಂಬತ್ತೂವರೆ," ಎಂದು ಮೆತ್ತಗೆ ಹೇಳಿ ಬರೆದುಕೊಂಡರು.

ಹೋಗುವಾಗ ಅವರು ಮೇಷ್ಟ್ರ ಎದುರು ನಿಂತರು. ಸಿಟ್ಟೇನೂ ಇರಲಿಲ್ಲ. "ನಿಮ್ಮ ಕೈ ಒಳ್ಳೇ ಕೈ. ಆದ್ರೆ ಯೋಚನೆ ಮಾಡಿ. ಮೊದಲನೇ ವರ್ಷವೇ ಹತ್ತು ಜನ ಫೇಲಾಗಿದ್ರೆ, ಎರಡನೇ ವರ್ಷ ಇವರು ಲೇತು ತರಿಸ್ತಿದ್ರು."

ಅದಾದ ಮೂರು ವಾರದಲ್ಲಿ ಆಗಬೇಕಾದ್ದೆಲ್ಲ ಆಯಿತು. ಡಿಗ್ರಿಯ ಮಾನ್ಯತೆಯನ್ನು ಸಮಿತಿ ತಡೆಹಿಡಿಯಿತು. ಹೊಸ ಲೇತು ಬರಬೇಕು, ಕೊನೆಯ ವರ್ಷದವರಿಗೆ ಪ್ರಾಕ್ಟಿಕಲ್ ಇನ್ನೊಮ್ಮೆ ನಡೆಯಬೇಕು, ಅಲ್ಲಿವರೆಗೆ ವರ್ಕ್‌ಶಾಪಿಗೆ ಬೀಗ. ಮೇಷ್ಟ್ರನ್ನು ಕಾಲೇಜಿನ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಮುರಿದ ಕುರ್ಚಿ ಎಷ್ಟು, ಮುರಿಯದ ಕುರ್ಚಿ ಎಷ್ಟು ಎಂದು ನೋಡಿಕೊಳ್ಳುವುದು ಅವರ ಕೆಲಸವಾಯಿತು. ಅದನ್ನೂ ಅವರು ಸಹಿಸುತ್ತಿದ್ದರು. ಮನೆಯ ಊಟದ ಮೇಜನ್ನು ಮಾತ್ರ ಸಹಿಸಲು ಆಗಲಿಲ್ಲ.

ಮಗಳು ಅಪ್ಪ ಕೂತರೆ ಏಳುತ್ತಿದ್ದಳು. ತಟ್ಟೆಗೆ ಹಾಕಿಕೊಂಡದ್ದರಲ್ಲಿ ಎರಡು ತುತ್ತು ತಿಂದು, ಉಳಿದದ್ದನ್ನು ಮುಚ್ಚಿಡುತ್ತಿದ್ದಳು. ಮುಖ ಒಣಗಿ ಕಣ್ಣು ಒಳಗೆ ಹೋಗಿತ್ತು. ಬ್ರೆಡ್ ಈಗ ಅವಳಮ್ಮನೇ ಕೊಯ್ಯುತ್ತಿದ್ದಳು, ಒಂದು ದಪ್ಪ, ಒಂದು ತೆಳು.

"ನಿಂದು ನಾನು ಮುಟ್ಟಿಲ್ಲ ಕಣಮ್ಮ," ಎಂದರು ಮೇಷ್ಟ್ರು, ಅದೆಷ್ಟನೆಯ ಸಲವೋ.

"ಎಲ್ಲಾ ಅಂದ್ಯಲ್ಲಪ್ಪ. ನಾನು ಅಲ್ಲೇ ನಿಂತಿದ್ದೆ."

"ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ನಿಂದೊಂದು ಬಿಟ್ಟು ಅಂತ ಹೇಳೋಕೆ ಹೊಳೀಲಿಲ್ಲ."

"ಎರಡು ಸಲ ಕೇಳಿದ್ರು ಅವ್ರು. ಎರಡು ಸಲಾನೂ ಹೊಳೀಲಿಲ್ವಾ? ಊರಮಕ್ಕಳದ್ದೆಲ್ಲ ಸರಿ ಮಾಡಿ ಸ್ವಂತ ಮಗಳದ್ದು ಹಾಗೇ ಬಿಟ್ಟೆ ಅಂದ್ರೆ ಯಾರು ನಂಬ್ತಾರೆ? ನೀನಾಗಿದ್ರೆ ನಂಬ್ತಿದ್ಯಾ?"

"ಆ ಲೇತಿನ ಹ್ಯಾಂಡಲ್ಲು ಸಡಿಲ ಇತ್ತು. ಮೂರನೇ ನಂಬರ್ ಮೇಲೆ ಆಗಿದ್ರೆ..."

"ಸಾಕಪ್ಪ. ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಎಲ್ಲರೂ ನೋಡಿ ಆಯ್ತು. ಫೋರ್‌ಮನ್ ಕೇಳಿದ್ದು ನಿನ್ನ ಕೈನ. ಬೇಕಿದ್ರೆ ನೀನೇ ಹೋಗು ಅಲ್ಲಿಗೆ."

ಅಜ್ಜಿ ನಡುವೆ ಬಾಯಿ ಹಾಕಿದರು. "ಅವನು ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ ಕಣೇ. ಸುಳ್ಳು ಹೇಳೋಕೆ ತಲೆ ಬೇಕು, ಅದು ಅವನಿಗೆ ಹುಟ್ಟಿದಾಗಿಂದ ಇಲ್ಲ."

"ನಿನ್ನ ಮಗ ಅಲ್ವಾ ಅಜ್ಜಿ, ನೀನು ಹಾಗೇ ಅಂತೀಯ," ಎಂದು ಮಗಳು ತಟ್ಟೆ ಎತ್ತಿಕೊಂಡು ಹೋದಳು.

ಟೂಲ್‌ರೂಮಿಗೆ ಉತ್ತರ ಬರೆಯುವ ಗಡುವಿಗೆ ಒಂದು ವಾರ ಉಳಿದಿತ್ತು. ಭಾನುವಾರ ಹೆಂಡತಿ ಬಟ್ಟೆ ಹಿಂಡುತ್ತಾ, ಮೇಷ್ಟ್ರ ಕೈಗೆ ಬೆಡ್‌ಶೀಟಿನ ಒಂದು ತುದಿ ಕೊಟ್ಟು ಹೇಳಿದಳು: "ರೀ, ನಾನೊಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಹೌದು ಅಂತ ಒಪ್ಕೊಂಡ್ಬಿಡಿ."

"ಮುಟ್ಟಿದ್ರೆ ತಾನೆ ಒಪ್ಕೊಳ್ಳೋದು?"

"ಮುಟ್ಟಿದ್ರೋ ಬಿಟ್ರೋ, ನಂಗೆ ಬೇಡ ಅದು. ಅವಳು ನಿನ್ನೆ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತ್ಕೊಂಡ್ಳು, ಗೊತ್ತಾ? ನೀವು ಇಲ್ಲ ಇಲ್ಲ ಅಂದಷ್ಟೂ ಅವಳಿಗೆ ಉರಿಯುತ್ತೆ. ಅಪ್ಪ ಇನ್ನೂ ಸುಳ್ಳು ಹೇಳ್ತಿದ್ದಾನೆ ಅನ್ನೋದೇ ಅವಳ ಸಂಕಟ. ಒಂದ್ಸಲ ಹೌದು ಅಂದ್ರೆ ಅತ್ತು ಹಗುರ ಆಗ್ತಾಳೆ. ಹೊಟ್ಟೆಗೆ ತಿಂತಾಳೆ. ಆಮೇಲೆ ಬುದ್ಧಿ ಹೇಳಿ ಕೆಲಸಕ್ಕೆ ಕಳಿಸೋಣ."

ಇಬ್ಬರೂ ಬೆಡ್‌ಶೀಟನ್ನು ಒಬ್ಬರೊಂದು ಕಡೆಗೆ ತಿರುಚಿದರು. ನೀರು ಕಾಲ ಮೇಲೆ ಸುರಿಯಿತು. ಕುರ್ಚಿಗಳ ನಡುವೆ ಕೂತು ಅವರು ಎರಡು ದಿನ ಅದನ್ನೇ ಯೋಚಿಸಿದರು. ಮಗಳು ತಿನ್ನದೆ ಬಿಟ್ಟ ತಟ್ಟೆ ಅವರ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಮಂಗಳವಾರ ಸಂಜೆ ಬೇಯಿಸಿದ ಆಲೂಗಡ್ಡೆ ಇತ್ತು, ಮೊಟ್ಟೆ ಇತ್ತು. ಮಗಳು ಎಂದಿನಂತೆ ಏಳಲು ಹೊರಟಳು.

"ಕೂತ್ಕೋಮ್ಮ," ಎಂದರು ಮೇಷ್ಟ್ರು. "ಹೌದು. ನಿಂದೂ ಮುಟ್ಟಿದ್ದೆ."

ಅವಳು ನಿಂತಲ್ಲೇ ನಿಂತಳು. "ಎಷ್ಟಿತ್ತು?"

ಅವರು ಈ ಪ್ರಶ್ನೆಗೆ ತಯಾರಾಗಿರಲಿಲ್ಲ. "ಸ್ವಲ್ಪ... ದಪ್ಪ ಇತ್ತು. ಒಂದೇ ಒಂದು ಸಲ ಕಡೆದೆ."

ಮಗಳು ಕುರ್ಚಿಗೆ ಕುಸಿದು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳಮ್ಮ ಬೆನ್ನು ಸವರಿದಳು. ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು, ಅಪ್ಪನ ಕೈ ಹಿಡಿದು, "ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲಪ್ಪ," ಎಂದಳು. ಆಮೇಲೆ ತಟ್ಟೆ ಎಳೆದುಕೊಂಡು ಎರಡು ಮೊಟ್ಟೆ, ನಾಲ್ಕು ಆಲೂಗಡ್ಡೆ ತಿಂದಳು. ಬ್ರೆಡ್ಡಿನ ಚೂರಿನಿಂದ ತಟ್ಟೆಯನ್ನು ಒರೆಸಿ ಅದನ್ನೂ ತಿಂದಳು. ಮೇಷ್ಟ್ರು ಅವಳ ಪ್ರತಿ ತುತ್ತನ್ನೂ ನೋಡಿದರು. ಹೆಂಡತಿ ಅವರತ್ತ ನೋಡಿ, ನಾನು ಹೇಳಲಿಲ್ಲವೇ ಎಂಬಂತೆ ತಲೆ ಆಡಿಸಿದಳು.

ಅಜ್ಜಿ ಮಾತ್ರ ಊಟ ಬಿಟ್ಟು ಮಗನ ಮುಖವನ್ನೇ ದಿಟ್ಟಿಸುತ್ತಿದ್ದರು. ಕೈ ತೊಳೆಯುವ ಕಡೆ ಹಿಂದೆಯೇ ಬಂದು ತೋಳು ಹಿಡಿದರು. "ಏನು ಕೆಲಸ ಮಾಡ್ದೆ ನೀನು? ಯಾಕೋ ಹಾಗಂದೆ?"

"ಸುಮ್ಮನಿರಮ್ಮ. ಉಂಡಳಲ್ಲ."

ಗುರುವಾರ ಬೆಳಿಗ್ಗೆ ಚಹಾ ಕುಡಿಯುವಾಗ ಮಗಳು ತಾನಾಗಿ ಹೇಳಿದಳು. ದನಿ ತಿಳಿಯಾಗಿತ್ತು. "ಅಪ್ಪ, ಕಾರ್ಖಾನೆಗೆ ಬರಲ್ಲ ಅಂತ ಬರೆದು ಗೇಟಲ್ಲೇ ಕೊಟ್ಟು ಬಂದೆ. ನಿನ್ನೆನೇ. ಮಾಡದೆ ಇರೋ ಕೆಲಸ ತೋರಿಸಿ ಹೇಗಪ್ಪ ಹೋಗಲಿ? ಅಮ್ಮನ ಬೇಕರಿಯಲ್ಲಿ ಗಲ್ಲಾದ ಮೇಲೆ ಕೂರೋಕೆ ಜನ ಬೇಕಂತೆ. ಪರೀಕ್ಷೆ ಮುಗಿಯೋವರೆಗೆ ಅಲ್ಲಿರ್ತೀನಿ. ಆಮೇಲೆ ನೋಡೋಣ."

ಮೇಷ್ಟ್ರು ಲೋಟವನ್ನು ದಡಕ್ಕನೆ ಕೆಳಗಿಟ್ಟಾಗ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. "ಮಗಳೇ, ನಾನು ಮೊನ್ನೆ ಹೇಳಿದ್ದು ಸುಳ್ಳು. ನಿಜವಾಗ್ಲೂ ಸುಳ್ಳು. ನಾನು ಮುಟ್ಟೇ ಇಲ್ಲ ಅದನ್ನ."

ಅವಳು ಎದ್ದು ಬಂದು, ಅಪ್ಪನ ಪ್ಯಾಂಟನ್ನು ಬಟ್ಟೆಯಿಂದ ಒರೆಸಿದಳು. ಅವಳಿಗೆ ಸಿಟ್ಟು ಬರಲೇ ಇಲ್ಲ. "ಬಿಡಪ್ಪ. ಮತ್ತೆ ಶುರು ಮಾಡ್ಬೇಡ. ನಂಗೇನೂ ಬೇಜಾರಿಲ್ಲ ಈಗ."

ಮೇಷ್ಟ್ರು ಅಂದೇ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಕಾರ್ಖಾನೆಗೆ ಹೋದರು. ಗೇಟಿನ ಹತ್ತಿರ ಒಂದು ಗಂಟೆ ಕಾದ ಮೇಲೆ ಫೋರ್‌ಮನ್ ಹೊರಗೆ ಬಂದ. ಪೂರ್ತಿ ಕೇಳಿಸಿಕೊಂಡ. "ನೀವು ಆ ಕಾಲೇಜಿನ ಮೇಷ್ಟ್ರೇ ಅಲ್ವಾ?" ಎಂದ. "ನಿಮ್ಮ ಮಗಳು ಎಲ್ಲಾ ಬರೆದಿದ್ದಾರೆ ಸ್ವಾಮಿ. ಪ್ರಾಮಾಣಿಕ ಹುಡುಗಿ. ನೀವು ಮನೆಗೆ ಹೋಗಿ." ಆ ಜಾಗಕ್ಕೆ ಇನ್ನೊಬ್ಬ ಹುಡುಗ ಸೋಮವಾರದಿಂದ ಬರುವವನಿದ್ದ.

ಆಮೇಲೆ ಮನೆಯಲ್ಲಿ ಜಗಳವೇ ಆಗಲಿಲ್ಲ. ಮಗಳು ಬೆಳಿಗ್ಗೆ ಬೇಕರಿಗೆ ಹೋಗುತ್ತಿದ್ದಳು, ಮಧ್ಯಾಹ್ನ ಓದುತ್ತಿದ್ದಳು, ಸಂಜೆ ಅಪ್ಪನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದಳು. ಅವರ ತಟ್ಟೆಗೆ ತಾನೇ ಬಡಿಸುತ್ತಿದ್ದಳು. ತಪ್ಪು ಮಾಡಿದ ಮುದುಕನನ್ನು ಕ್ಷಮಿಸಿದವರು ಹೇಗೆ ನೋಡಿಕೊಳ್ಳುತ್ತಾರೋ ಹಾಗೆ ನೋಡಿಕೊಂಡಳು.

ಎರಡು ತಿಂಗಳ ಮೇಲೆ ಆರು ಹೊಸ ಲೇತುಗಳು ಬಂದವು. ಪ್ರಾಕ್ಟಿಕಲ್ ಇನ್ನೊಮ್ಮೆ ನಡೆಯಿತು. ಒಬ್ಬೊಬ್ಬರಿಗೆ ಪೂರಾ ಎರಡು ಗಂಟೆ ಸಮಯ, ಅವರವರ ಕಣ್ಣೆದುರಿಗೇ ಅಳತೆ. ಮೇಷ್ಟ್ರಿಗೆ ಆ ಕಡೆ ಸುಳಿಯುವಂತಿರಲಿಲ್ಲ. ಅವರು ಉಗ್ರಾಣದಲ್ಲಿ ಒಂದು ಕುರ್ಚಿಯ ಕಾಲಿಗೆ ಮೊಳೆ ಹೊಡೆಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಮಗಳು ಬಿಳಿ ಕೋಟಿನಲ್ಲಿ ನಿಂತಿದ್ದಳು. ಬೆರಳುಗಳಿಗೆ ಎಣ್ಣೆ ಮೆತ್ತಿತ್ತು.

"ಇಪ್ಪತ್ತು," ಎಂದಳು.

ಮೇಷ್ಟ್ರು ಸುತ್ತಿಗೆ ಕೆಳಗಿಟ್ಟರು.

"ಪ್ರೊಫೆಸರ್ ಎರಡು ಸಲ ಅಳೆದ್ರು. ಆ ಮೇಡಂ ಬಂದಿದ್ರು, ಅವರೂ ಅಳೆದ್ರು. ಹಳೇದನ್ನ ಬೀರುವಿಂದ ತರಿಸಿ ಪಕ್ಕದಲ್ಲಿಟ್ಟು ನೋಡಿದ್ರು. ಎರಡೂ ಒಂದೇ ಕೈ, ಬೀರುವಿನ ಉಳಿದವುಗಳ ಕಡೆತವೇ ಬೇರೆ ಅಂದ್ರು."

ಮೇಷ್ಟ್ರ ಮುಖ ಅರಳಿತು. ಏನಾದರೂ ಆಗಲಿ, ತಿಳಿಯಿತಲ್ಲ ಎಂದು ಅವರ ಎದೆ ತುಂಬಿ ಬಂತು. ಎದ್ದು ಮಗಳ ಕಡೆ ಎರಡು ಹೆಜ್ಜೆ ಇಟ್ಟರು. ಅವಳು ಕದಲಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿ ತುಳುಕುತ್ತಿತ್ತು. ಅದು ಸಂತೋಷದ್ದಲ್ಲ ಎಂದು ಅವರಿಗೆ ಹತ್ತಿರ ಬಂದ ಮೇಲೆ ತಿಳಿಯಿತು.

"ನೀನು ಮುಟ್ಟಿರ್ಲಿಲ್ಲ," ಎಂದಳು. "ನಂದೇ ಆಗಿತ್ತು ಅದು. ನಾನು ಹೋಗಬಹುದಾಗಿತ್ತು. ಅಪ್ಪ, ಆವತ್ತು ಯಾಕೆ ಹೌದು ಅಂದೆ?"

ಮೇಷ್ಟ್ರು ತಮ್ಮ ಕೈಗಳನ್ನು ಅಂಗಿಗೆ ಒರೆಸಿಕೊಂಡರು. ಹೇಳುವುದಕ್ಕೆ ಅವರ ಹತ್ತಿರ ಇದ್ದದ್ದು ಒಂದೇ ಮಾತು.

"ನೀನು ಊಟ ಮಾಡ್ತಿರ್ಲಿಲ್ಲಮ್ಮ."